ಕೊಡಲಿಗೆ ಇರದ ತಕರಾರು

ನಮ್ಮ ಮನೆಯ ಕೊಡಲಿಗೆ ನಾನು ನೋಡುತ್ತಿದ್ದ ಹಾಗೆಯೇ ಮೂರು ಸಲ ಕಾವು ಬದಲಾಗಿದೆ. ಮೂರೂ ಸಲ ಹೊಸ ಕಾವು ಹಾಕಿಸಿಕೊಂಡು ಬಂದವಳು ಅವ್ವ. ಅದನ್ನು ಎತ್ತಿ ಇಳಿಸಿದವಳೂ ಅವ್ವ. ಇಷ್ಟು ವರ್ಷಗಳಲ್ಲಿ ನಮ್ಮ ಓಣಿಯ ಒಬ್ಬ ಗಂಡಸಾದರೂ ಅಂಗಳದ ಮುಂದೆ ನಿಂತು, ಇದು ಹೆಣ್ಣುಮಕ್ಕಳು ಹಿಡಿಯುವ ವಸ್ತುವಲ್ಲ ಎಂದದ್ದನ್ನು ನಾನು ಕೇಳಿಲ್ಲ. ಆ ಮಾತು ನಮ್ಮ ಅಂಗಳದಲ್ಲಿ ಮೊದಲ ಸಲ ಕೇಳಿಸಿದ್ದು ಕೊಡಲಿಯ ಕೆಲಸವನ್ನು ಹಗುರ ಮಾಡುವ ವಸ್ತುವೊಂದು ಬಂದಾಗ. ಅದನ್ನು ನಾನು ಈಗಲೂ ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ.

ಅವ್ವ ಜೋಳದ ಕಡಕ್ ರೊಟ್ಟಿ ಮಾಡಿ ಕೊಡುತ್ತಾಳೆ. ಅಪ್ಪ ತೀರಿಕೊಂಡ ಮೇಲೆ, ಶಹಾಬಾದಿನ ಪಕ್ಕದ ಭಂಕೂರದ ಈ ಮನೆಯಲ್ಲೇ ಶುರು ಮಾಡಿದ ಕೆಲಸ. ಪಕ್ಕದ ಮನೆಯ ಚಿಗವ್ವ ಅವಳ ಜೊತೆ ಕೂತು ಬಡಿಯುತ್ತಾಳೆ. ಚಿಗವ್ವ ನಮಗೆ ಸಂಬಂಧಿಯಲ್ಲ, ನಾನು ಹುಟ್ಟಿದಾಗಿನಿಂದ ಹಾಗೆ ಕರೆದು ರೂಢಿ. ಇಬ್ಬರೂ ಮಾಡಿದ ರೊಟ್ಟಿ ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ಶಹಾಬಾದಿನ ಎರಡು ಖಾನಾವಳಿಗೆ, ವಾಡಿಯ ಒಂದಕ್ಕೆ ಹೋಗುತ್ತದೆ. ಮದುವೆಯ ದಿನಗಳಲ್ಲಿ ಇನ್ನೂ ಹೆಚ್ಚು. ಗ್ಯಾಸಿನ ಮೇಲೆ ಮಾಡಿದರೆ ನಡುವೆ ಸುಟ್ಟು ಅಂಚು ಹಸಿ ಉಳಿಯುತ್ತದೆ ಎಂದು ಅವ್ವ ಹೇಳುತ್ತಾಳೆ. ಖಾನಾವಳಿಯವರೂ ಕಟ್ಟಿಗೆ ಒಲೆಯದ್ದೇ ಬೇಕು ಅನ್ನುತ್ತಾರೆ. ಹೀಗಾಗಿ ಕಟ್ಟಿಗೆ ಬೇಕು. ಚಿತ್ತಾಪುರದ ಕಡೆಯ ಹೊಲಗಳ ಬದುವಿನಲ್ಲಿ ಕಡಿದ ಜಾಲಿ ನಮಗೆ ಕೊರಡುಗಳಾಗಿ ಬರುತ್ತದೆ. ಒಲೆಯ ಬಾಯಿಗೆ ಹೋಗಬೇಕಾದರೆ ಅದನ್ನು ಸೀಳಲೇಬೇಕು. ಜಾಲಿ ಸುಲಭಕ್ಕೆ ಸೀಳುವ ಮರವಲ್ಲ. ಅದರ ಮೈತುಂಬ ಗಂಟು.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವ್ವನ ಬಲಭುಜ ಹಿಡಿದುಕೊಳ್ಳತೊಡಗಿತು. ಮೊದಲು ಜಡೆ ಹಾಕಿಕೊಳ್ಳಲು ಆಗಲಿಲ್ಲ. ಆಮೇಲೆ ಮೇಲಿನ ಗೂಡಿನ ಡಬ್ಬಿ ತೆಗೆಯಲು ಆಗಲಿಲ್ಲ. ಕಲಬುರಗಿಯಲ್ಲಿ ತೋರಿಸಿದೆವು. ವೈದ್ಯರು ಅವಳ ಕೈಯನ್ನು ಮೆಲ್ಲಗೆ ಮೇಲೆತ್ತಿ, ಅವಳ ಮುಖ ನೋಡಿ, ಕೆಳಗಿಳಿಸಿದರು.

"ತಲಿಗಿಂತ ಮ್ಯಾಲ ಈ ಕೈ ಎತ್ತಬ್ಯಾಡ್ರಿ. ಇನ್ನೂ ಹಿಂಗ ಕೊಡ್ಲಿ ಬೀಸಿದ್ರ ರೊಟ್ಟಿ ಬಡಿಲಿಕ್ಕೂ ಕೈ ಉಳಿಯಂಗಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅವ್ವ, "ರೊಟ್ಟಿ ಬಿಡಂತ ಹೇಳಲಿಲ್ಲ, ಹೌದಿಲ್ಲೋ?" ಎಂದು ಕೇಳಿದಳು. ಹೌದು ಅಂದೆ. ಅವಳಿಗೆ ಅಷ್ಟು ಸಾಕಿತ್ತು. ನನಗೆ ಸಾಲಲಿಲ್ಲ. ರೊಟ್ಟಿ ಉಳಿಯಬೇಕಾದರೆ ಕೊಡಲಿ ಹೋಗಬೇಕು, ಕೊಡಲಿ ಹೋದರೆ ಒಲೆ ಹತ್ತುವುದಿಲ್ಲ. ವೈದ್ಯರು ಅರ್ಧ ಲೆಕ್ಕ ಮಾತ್ರ ಬಿಡಿಸಿಕೊಟ್ಟಿದ್ದರು.

ಆಳು ಹಚ್ಚಿ ನೋಡಿದೆವು. ಒಬ್ಬ ಬಂದ, ಸಲೀಸಾಗಿ ಸೀಳುವವನ್ನು ಸೀಳಿದ, ಗಂಟಿದ್ದವನ್ನೆಲ್ಲ ಗೋಡೆಗೆ ಒತ್ತಿಟ್ಟು ಹೋದ. ಮತ್ತೆ ಬರಲಿಲ್ಲ.

ನಾನು ಸೇಡಂನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಶಹಾಬಾದಿನಿಂದ ರೈಲಿನಲ್ಲಿ ವಾಡಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂ ಸೇರಬೇಕು. ವಾಡಿಯಲ್ಲಿ ಕಾಯುವುದೇ ಹೆಚ್ಚು. ಹಾಗೆ ಕಾಯುವಾಗ ಒಂದು ದಿನ ಫೋನಿನಲ್ಲಿ ಆ ವಸ್ತುವನ್ನು ಕಂಡೆ. ಯಾವುದೋ ಚಳಿಯ ದೇಶದ ಮುದುಕನೊಬ್ಬ ಡ್ರಿಲ್ ಮಷಿನ್ನಿನ ಮೂತಿಗೆ ಒಂದು ಉಕ್ಕಿನ ಶಂಕು ಸಿಗಿಸಿ, ಕೊರಡಿನ ಮೇಲಿಟ್ಟು, ಗುಂಡಿ ಒತ್ತುತ್ತಿದ್ದ. ಶಂಕುವಿನ ಮೈಮೇಲೆ ತಿರುಪಿನ ಹಲ್ಲುಗಳಿದ್ದವು. ತಿರುಗುತ್ತ ತಿರುಗುತ್ತ ಅದು ತಾನಾಗಿ ಕಟ್ಟಿಗೆಯೊಳಗೆ ಇಳಿಯುತ್ತಿತ್ತು. ಇಳಿದಷ್ಟೂ ಅದರ ದಪ್ಪ ಕಟ್ಟಿಗೆಯನ್ನು ಅಗಲಿಸುತ್ತಿತ್ತು. ಕೊನೆಗೆ ಕೊರಡು ಎರಡಾಗಿ ಬೀಳುತ್ತಿತ್ತು. ತಿರುಪು ಮತ್ತು ಬೆಣೆ, ಎರಡೇ. ಎರಡನ್ನೂ ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ನನಗೆ ಹಿಡಿಸಿದ್ದು ಅದಲ್ಲ. ಆ ಮುದುಕ ಒಮ್ಮೆಯೂ ಕೈಯನ್ನು ಸೊಂಟಕ್ಕಿಂತ ಮೇಲೆ ಎತ್ತಲಿಲ್ಲ.

ವಾಡಿಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಅಂಗಡಿಯವರ ಬಳಿ ಅದು ಇತ್ತು. ಯಾರೋ ತರಿಸಿ ಒಯ್ಯದೆ ಬಿಟ್ಟದ್ದು, ಡಬ್ಬಿಯ ಮೇಲೆ ಸಿಮೆಂಟಿನ ಧೂಳು ಕೂತಿತ್ತು.

"ಯಾರಿಗಿ ಬೇಕಾಗ್ಯಾದ್ರಿ?" ಎಂದು ಅವರು ಕೇಳಿದರು.

"ನಮಗ."

"ಮನ್ಯಾಗ ಯಾರು ಹಿಡೀತಾರ್ರಿ ಇದು?"

"ಯಾವ ಮಷಿನ್ನಿಗೆ ಕೂಡ್ತದ, ಅಷ್ಟು ಹೇಳ್ರಿ."

"ಗಂಡಸರನ್ನ ಕರ್ಕೊಂಡು ಬರ್ರಿ ಮೇಡಂ. ಅವರಿಗಿ ತಿಳೀತದ. ಇದು ಕುಕ್ಕರಿನ ರಬ್ಬರ್ ಅಲ್ಲ, ಅಳತಿ ತಪ್ಪಿದ್ರ ವಾಪಸ್ ತಗೊಳ್ಳಂಗಿಲ್ಲ."

ಹಿಂದೆ ಮೊಳೆ ತೂಗಿಸುತ್ತಿದ್ದ ಇಬ್ಬರು ನಕ್ಕರು. ನಾನು ಶಂಕುವಿನ ಹಿಂಬದಿಯ ಕಡ್ಡಿಯನ್ನು ನೋಡಿ, ಇದು ಹತ್ತು ಎಂಎಂ, ನಮ್ಮಲ್ಲಿ ಕಲ್ಲಿಗೆ ತೂತು ಹಾಕುವ ಮಷಿನ್ ಇದೆ, ಅದರ ಕಡ್ಡಿಯಲ್ಲೂ ಇಂಥದೇ ನಾಲ್ಕು ಗೀರು ಇವೆ, ಕೂಡುತ್ತದೆ ಎಂದೆ. ಅವರು ಡಬ್ಬಿಯ ಧೂಳು ಒರೆಸಿ ಕೊಟ್ಟರು. ನಾನು ಗೆದ್ದೆ ಅಂದುಕೊಂಡು ಪ್ಲಾಟ್‌ಫಾರ್ಮಿಗೆ ಬಂದೆ. ಆದರೆ ಅವರ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲೇ ಇಲ್ಲ. ಯಾರು ಹಿಡಿಯುತ್ತಾರೆ?

ಮಷಿನ್ ಇದ್ದದ್ದು ಮಾಮಾನ ಹತ್ತಿರ. ಮಾಮಾ ಎಂದರೆ ಅವ್ವನ ತಮ್ಮ. ಇಬ್ಬರೂ ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯವರು. ಅಡವಿಯ ಅಂಚಿನ ಹತ್ತು ಮನೆಗಳ ಊರು ಅದು, ಮನೆಯೊಳಗೆ ಕನ್ನಡ, ಹೊರಗೆ ತೆಲುಗು. ಅಲ್ಲಿ ಕಟ್ಟಿಗೆ ತರುವುದು, ಸೀಳುವುದು, ಒಟ್ಟುವುದು ಹೆಣ್ಣುಮಕ್ಕಳ ಕೆಲಸವೆಂದೇ ಎಣಿಕೆ. ಅವ್ವ ಎಂಟನೆಯ ವಯಸ್ಸಿಗೇ ಕೊಡಲಿ ಹಿಡಿದವಳು. ಮಾಮಾ ಮೀಸೆ ಮೂಡುವ ಮೊದಲೇ ಶಹಾಬಾದಿನ ಕಲ್ಲಿನ ಖಣಿಗೆ ಬಂದರು. ಈಗ ಅವರು ಒಳ್ಳೆಯ ಕಲ್ಲಿನ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಹಾಸುಗಲ್ಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಪದರ ಎಲ್ಲಿದೆ ಎಂದು ಹೇಳುತ್ತಾರೆ. ಅಲ್ಲಿ ಉಳಿ ಇಟ್ಟು ನಾಲ್ಕು ಏಟು ಹಾಕಿದರೆ ಕಲ್ಲಿನ ಚಪ್ಪಡಿ, ನಮ್ಮ ಮಾತಿನಲ್ಲಿ ಫರಸಿ, ರೊಟ್ಟಿಯಂತೆ ಎದ್ದು ಬರುತ್ತದೆ.

ಆ ರವಿವಾರ ಮಾಮಾ ಮಷಿನ್ ತಂದರು. ನಾನು ಶಂಕುವನ್ನು ಡಬ್ಬಿಯಿಂದ ತೆಗೆದು ಅವರ ಕೈಗೆ ಕೊಟ್ಟೆ. ಈ ವಾಕ್ಯವನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು.

"ಏ, ಇದು ಬುಗರಿ ಹಂಗ ಅದ," ಎಂದು ಚಿಗವ್ವ ನಕ್ಕಳು. ಅಂದಿನಿಂದ ಅದರ ಹೆಸರು ಬುಗರಿ.

ಮಾಮಾ ಜಾಲಿಯ ನಡುವೆ ಬಂದಿದ್ದ ಒಂದು ಒಣ ಬೇವಿನ ತುಂಡನ್ನು ಆರಿಸಿಕೊಂಡರು. ಅದನ್ನು ಚಿಗವ್ವನ ಮೊಮ್ಮಗಳೂ ಸೀಳಬಹುದಿತ್ತು. ಬುಗರಿ ಇಳಿಯಿತು, ಬೇವು ಪಟಕ್ಕನೆ ಎರಡಾಯಿತು. ಕಟ್ಟೆಯ ಮೇಲೆ ಕೂತಿದ್ದ ಎದುರು ಮನೆಯ ಕಾಕಾ ಭಲೇ ಅಂದರು. ಮಾಮಾ ಇನ್ನೂ ನಾಲ್ಕು ತುಂಡು ಸೀಳಿದರು, ನಾಲ್ಕೂ ಬೇವೇ. ಆಗ ಅವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು.

"ಜರಾ ಇಕಾಡಿ ಕೊಡು. ಹೆಂಗ ಅದ ನೋಡ್ತೀನಿ."

"ಬ್ಯಾಡಕ್ಕ. ಇದು ಹೆಣ್ಮಕ್ಕಳು ಹಿಡಿಯೋದಲ್ಲ."

"ಯಾಕ?"

"ಯಾಕಂದ್ರ? ಕರೆಂಟಿನ ವಸ್ತು. ಸೆರಗು ಸಿಕ್ಕೊಂಡ್ರ ಏನ್ ಮಾಡ್ತಿ?"

"ಕೊಡ್ಲಿ ಕಾಲಮ್ಯಾಲ ಬಿದ್ರ ಏನ್ ಮಾಡ್ತಿದ್ದಿನೋ ಅದ ಮಾಡ್ತೀನಿ."

"ಕೊಡ್ಲಿ ಮಾತ ಬ್ಯಾರೆ," ಎಂದರು ಮಾಮಾ.

"ಹೌದು ಮತ್ತ, ಕೊಡ್ಲಿ ಬ್ಯಾರೆ," ಎಂದರು ಕಾಕಾ. ಅವರು ತಮ್ಮ ಮನೆಯ ಕೊಡಲಿ ಯಾವ ಮೂಲೆಯಲ್ಲಿದೆ ಎಂದು ತಮ್ಮ ಹೆಂಡತಿಯನ್ನು ಕೇಳಿ ತಿಳಿಯಬೇಕಾದವರು.

ಕೊಡಲಿ ಹೇಗೆ ಬೇರೆ ಎಂದು ನಾನು ಆಗಲೇ ಕೇಳಬೇಕಿತ್ತು. ನಲವತ್ತು ವರ್ಷ ಹರಿತವಾದ ಕಬ್ಬಿಣವನ್ನು ತಲೆಯ ಮೇಲೆತ್ತಿ ಕಾಲಿನಿಂದ ಒಂದು ಗೇಣು ದೂರಕ್ಕೆ ಬೀಸುವುದು ಹೆಣ್ಣಿಗೆ ಅಪಾಯವಲ್ಲ, ಗುಂಡಿ ಬಿಟ್ಟರೆ ನಿಲ್ಲುವ ಮಷಿನ್ ಅಪಾಯ. ಇದು ಯಾವ ಶಾಸ್ತ್ರ? ಬೆವರು ಬರುವತನಕ ಕೆಲಸ ಹೆಣ್ಣಿನದು, ಶಬ್ದ ಬರತೊಡಗಿದ ಕೂಡಲೇ ಗಂಡಿನದು. ಹಿಟ್ಟಿನ ಗಿರಣಿ ಬಂದಾಗಲೂ ಹೀಗೇ ಆಗಿರಬೇಕು. ಬೀಸುವ ಕಲ್ಲಿನ ಮುಂದೆ ಒಬ್ಬ ಗಂಡಸೂ ಕೂತಿರಲಿಲ್ಲ, ಗಿರಣಿಯಲ್ಲಿ ಒಬ್ಬ ಹೆಂಗಸೂ ನಿಂತಿಲ್ಲ. ಇದೆಲ್ಲ ನನಗೆ ಹೊಳೆದದ್ದು ಮರುದಿನ, ಸೇಡಂನ ಗಾಡಿಯಲ್ಲಿ. ಆ ಹೊತ್ತಿಗೆ ಅಂಗಳದಲ್ಲಿ ನಾನು ಸುಮ್ಮನೆ ನಿಂತಿದ್ದೆ. ಮಾಮಾ ಬುಗರಿಯನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಉಳಿ ಸುತ್ತಿಗೆಗಳ ಚೀಲಕ್ಕೆ ಹಾಕಿಕೊಂಡರು.

"ಫಿಕರ್ ಮಾಡಬ್ಯಾಡಕ್ಕ. ಪ್ರತಿ ಐತಾರ ಬಂದು ಸೀಳಿ ಕೊಡ್ತೀನಿ."

ಮುಂದಿನ ರವಿವಾರ ಬರಲಿಲ್ಲ. ಲಾರಿ ಬಂದದ, ಫರಸಿ ತುಂಬಬೇಕು ಎಂದು ಫೋನ್ ಮಾಡಿದರು. ಅವರ ಕೆಲಸ ಅವರಿಗೆ ಮುಖ್ಯ, ಅದನ್ನು ತಪ್ಪೆನ್ನುವುದಿಲ್ಲ. ಆದರೆ ಒಲೆಗೆ ಆ ಕಾರಣ ಹೇಳಲು ಬರುವುದಿಲ್ಲ. ಗುರುವಾರ ಕಾಲೇಜು ಬೇಗ ಮುಗಿದು ನಾನು ಮಧ್ಯಾಹ್ನವೇ ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಕೊಡಲಿ ಬೀಸುತ್ತಿದ್ದಳು. ಎಡಗೈಯಿಂದ. ಬಲಗೈ ಮೈಗೆ ಅಂಟಿಕೊಂಡಿತ್ತು. ಏಟು ಗುರಿ ತಪ್ಪಿ ಕೊಡಲಿ ಕೊರಡಿನ ಮೈಯಿಂದ ಜಾರಿ ನೆಲಕ್ಕೆ ಬಡಿಯುತ್ತಿತ್ತು.

"ಏನ್ ಮಾಡಾಕತ್ತೀದಿ ಅವ್ವ?"

"ಕಾಣಾಕತ್ತಿಲ್ಲೇನು?"

"ಮಾಮಾ ಬರ್ತೀನಂದಾರಲ."

"ಅಂದಾನ. ಖಾನಾವಳ್ಯಾಂವ ನಾಳಿಗಿ ಬುಟ್ಟಿ ಕೇಳ್ಯಾನ. ಯಾರ ಮಾತ ಒಲ್ಯಾಗ ಇಡ್ಲಿ?"

ನಾನು ಕೊಡಲಿ ಕಸಿದುಕೊಂಡೆ. ಹತ್ತು ಏಟು ಹಾಕಿದೆ. ಒಂದು ಕೊರಡೂ ಸೀಳಲಿಲ್ಲ. ಅಂಗೈಯಲ್ಲಿ ಗುಳ್ಳೆ ಬಂತು. ಅವ್ವ ನಗಲಿಲ್ಲ, ಬೈಯಲೂ ಇಲ್ಲ. ಕೊರಡನ್ನು ಕಾಲಿನಿಂದ ಹೊರಳಿಸಿ, ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಕಡೆ ಮೇಲೆ ಮಾಡಿ, "ಇಲ್ಲಿ ಹೊಡಿ. ಅದು ತಾನ ಬಾಯಿ ತಗದದ, ನೀ ಬ್ಯಾರೆ ಕಡೆ ಹುಡುಕಬ್ಯಾಡ," ಎಂದಳು. ಅಲ್ಲಿ ಹೊಡೆದೆ. ಸೀಳಿತು.

ಅದರ ಮುಂದಿನ ರವಿವಾರ ಮಾಮಾ ಬಂದರು. ಬೇವು ಮುಗಿದಿತ್ತು. ಉಳಿದದ್ದು ಜಾಲಿ, ಅದೂ ಆ ಆಳು ಗೋಡೆಗೆ ಒತ್ತಿಟ್ಟು ಹೋದ ಗಂಟಿನ ಕೊರಡುಗಳು. ಮಾಮಾ ಅದರಲ್ಲೊಂದನ್ನು ನೆಲಕ್ಕೆ ಅಡ್ಡ ಮಲಗಿಸಿದರು. ಕಡಿದ ತುದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳಿನಿಂದ ಸವರಿದರು. ಮರದ ತುದಿಯಲ್ಲಿ ಬಳೆ ಬಳೆಯಾಗಿ ಗೆರೆಗಳಿರುತ್ತವಲ್ಲ, ಅವರ ಕಣ್ಣಿಗೆ ಅವು ಪದರಗಳಾಗಿ ಕಂಡವು. ಹಾಸುಗಲ್ಲಿನಲ್ಲಿ ಮೇಲಿನ ಪದರ ಎಬ್ಬಿಸುವಂತೆ, ಅಂಚಿಗೆ ಹತ್ತಿರದ ಒಂದು ಗೆರೆಯ ಮೇಲೆ ಬುಗರಿಯ ಮೊನೆ ಇಟ್ಟರು. ಆಮೇಲೆ, ಕಲ್ಲು ಅಲುಗದಂತೆ ಅದರ ಮೇಲೆ ಪಾದ ಊರುತ್ತಾರಲ್ಲ, ಹಾಗೆಯೇ ಕೊರಡಿನ ಮೇಲೆ ಎಡಗಾಲು ಊರಿ ನಿಂತರು. ಫರಸಿ ಚಪ್ಪಟೆ, ಪಾದದ ಕೆಳಗೆ ಉರುಳುವುದಿಲ್ಲ. ಕೊರಡು ದುಂಡಗಿತ್ತು.

ಮಷಿನ್ನಿನ ಪಕ್ಕದಲ್ಲಿ ಒಂದು ಗುಂಡಿ ಇದೆ. ಒಂದು ಕಡೆ ತಿರುಗಿಸಿದರೆ ತಿರುಗುವುದರ ಜೊತೆ ಸುತ್ತಿಗೆಯಂತೆ ಕುಟ್ಟುತ್ತದೆ, ಇನ್ನೊಂದು ಕಡೆಗೆ ಬರಿ ತಿರುಗುತ್ತದೆ. ಮಾಮಾ ವರ್ಷಗಳ ಹಿಂದೆಯೇ ಅದನ್ನು ಕುಟ್ಟುವ ಕಡೆಗಿಟ್ಟು ಕಪ್ಪು ಟೇಪ್ ಸುತ್ತಿದ್ದರು. ಬೇವಿನ ದಿನವೇ ನಾನು ಅದನ್ನು ಗಮನಿಸಿದ್ದೆ. ಈ ಸಲ ಹೇಳಿದೆ.

"ಮಾಮಾ, ಆ ಗುಂಡಿ ತಿರುಗಿಸ್ರಿ. ಇದಕ್ಕ ಕುಟ್ಟೋದು ಬ್ಯಾಡ. ಬರೀ ತಿರುಗಿದ್ರ ಸಾಕು."

"ಸುತ್ತಿಗಿ ಏಟು ಇಲ್ಲದ ಏನು ಸೀಳ್ತದವ್ವ? ನೀ ಪುಸ್ತಕದಾಗ ಸೀಳಿದ್ದಿ, ನಾ ಖಣ್ಯಾಗ ಸೀಳೀನಿ."

ಕಾಕಾ ಕಟ್ಟೆಯ ಮೇಲಿಂದ ನಕ್ಕರು. ಅವ್ವ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಿಟ್ಟು.

"ಕಾಲು ತಗಿ," ಎಂದಳು. "ಅದು ಕಲ್ಲಲ್ಲ. ಕೆಳಗ ಗಂಟು ಅದ, ಬಿಡಂಗಿಲ್ಲ."

"ನೀ ರೊಟ್ಟಿ ನೋಡಕ್ಕ."

ಮಷಿನ್ ಗರ್ರೆಂದಿತು. ಬುಗರಿ ಮೊದಲು ಕುಟ್ಟಿ ಕುಟ್ಟಿ ಜಿಗಿಯಿತು, ಆಮೇಲೆ ಒಮ್ಮೆಲೇ ಹಲ್ಲು ಕಚ್ಚಿ ಒಳಗೆ ಇಳಿಯಿತು. ಅವ್ವ ಹೇಳಿದಂತೆ ಗಂಟು ಬಿಡಲಿಲ್ಲ. ಸೀಳಲಾಗದ ಕೊರಡು ಬುಗರಿಯ ಜೊತೆ ತಾನೇ ತಿರುಗಿತು. "ಆಗರಾ, ಆಗು" ಎಂದು ಅವ್ವ ಕೂಗಿದಳು. ನಿಲ್ಲಿಸು ಎಂದು ತೆಲುಗಿನಲ್ಲಿ. ಅವಳಿಗೆ ಹೆದರಿಕೆಯಾದಾಗ ಮಾತ್ರ ಕುಂಚಾವರಂನ ಮಾತು ಬರುತ್ತದೆ. ಕೊರಡು ಮಾಮಾನ ಪಾದದ ಕೆಳಗಿಂದ ಹೊರಳಿ ಇನ್ನೊಂದು ಕಾಲಿನ ಮೊಣಕಾಲ ಕೆಳಗೆ ಬಡಿಯಿತು, ಮಷಿನ್ನಿನ ಹಿಡಿಕೆ ಅವರ ಬಲ ಮಣಿಕಟ್ಟನ್ನು ತಿರುಚಿತು. ಅವರು ಕೂತುಬಿಟ್ಟರು. ಮಷಿನ್ ಕೈಬಿಟ್ಟ ಕೂಡಲೇ ನಿಂತಿತು.

ಎಲುಬು ಮುರಿದಿರಲಿಲ್ಲ. ಶಹಾಬಾದಿನಲ್ಲಿ ಪಟ್ಟಿ ಸುತ್ತಿ, ಮೂರು ವಾರ ಆ ಕೈಯಿಂದ ಏನೂ ಹಿಡಿಯಬಾರದು ಎಂದು ಹೇಳಿ ಕಳಿಸಿದರು. ನಾನು ಬರೆಯಬೇಕಾದದ್ದು ಇದನ್ನಲ್ಲ, ಆಮೇಲಿನದನ್ನು. ವಾಪಸು ಬಂದು ಅಂಗಳದಲ್ಲಿ ಕೂತ ಮೇಲೆ ಚಹಾದ ಜೊತೆ ತೀರ್ಮಾನವೂ ಆಯಿತು.

"ಆ ಬುಗರಿ ಸುಮಾರ ಅದ. ಇಂಥಾವು ನಮ್ಮ ಕಡಿ ನಡಿಯಂಗಿಲ್ಲ," ಎಂದರು ಕಾಕಾ.

"ಹೆಣ್ಮಕ್ಕಳು ಅಂಗಡಿಗಿ ಹೋಗಿ ತಂದದ್ದು, ಏನ್ ತಿಳೀತದ ಅವರಿಗಿ," ಎಂದರು ಮಾಮಾ. ನನ್ನ ಕಡೆ ನೋಡದೆ ಹೇಳಿದರು, ಅದೊಂದು ಅವರ ಸೌಜನ್ಯ. "ನನ್ನಂಥಾಂವಗೇ ಹಿಂಗಾಯ್ತು. ಅಕ್ಕ ಹಿಡಿದಿದ್ರ ಕೈನ ಹೋಗ್ತಿತ್ತು."

ಈ ಮಾತಿನ ಜಾಣತನವನ್ನು ನೋಡಿ. ಅವ್ವ ಕಾಲು ತೆಗೆ ಎಂದಿದ್ದಳು. ಗಂಟಿದೆ ಎಂದಿದ್ದಳು. ನಾನು ಗುಂಡಿ ತಿರುಗಿಸಿ ಎಂದಿದ್ದೆ. ಮೂರು ಮಾತನ್ನೂ ಕೇಳದವರಿಗೆ ಪೆಟ್ಟಾಯಿತು. ಆ ಪೆಟ್ಟು ಅವ್ವ ಮಷಿನ್ ಹಿಡಿಯಬಾರದು ಎಂಬುದಕ್ಕೆ ಸಾಕ್ಷಿಯಾಯಿತು. ತಪ್ಪು ಮಾಡಿದವರು ತೀರ್ಪು ಕೊಟ್ಟರು. ಶಿಕ್ಷೆ ಅವ್ವನ ಭುಜಕ್ಕೆ.

ಅವರು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ, ಜೋರಾಗಿಯೇ, ಬುಗರಿಯನ್ನು ನಾಳೆ ವಾಡಿಯಲ್ಲಿ ಅಂಗಡಿಯವರ ಮುಖಕ್ಕೆ ಕೊಟ್ಟು ಬರುತ್ತೇನೆ, ಇಲ್ಲವಾದರೆ ಬಾವಿಗೆ ಹಾಕುತ್ತೇನೆ, ಈ ಮನೆಯಲ್ಲಿ ಯಾರಿಗೂ ಒಳ್ಳೆಯದು ಮಾಡಲು ಹೋಗಬಾರದು ಎಂದೆ. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

"ನನ್ನ ಕೇಳಿದೇನು?" ಎಂದಳು.

"ಏನು?"

"ಅಂಗಡ್ಯಾಂವನ್ನ ಕೇಳಿದಿ. ಫೋನಿನಾಗಿನ ಮುದುಕನ್ನ ನೋಡಿದಿ. ತಂದು ನಿನ್ನ ಮಾಮಾನ ಕೈಯಾಗ ಕೊಟ್ಟಿ. ಅವ್ವ, ನೀ ಹಿಡೀತಿಯೇನು ಅಂತ ನನ್ನ ಕೇಳಿದೇನು?"

ಇಲ್ಲ. ಕೇಳಿರಲಿಲ್ಲ. ವಾಡಿಯ ಅಂಗಡಿಯಲ್ಲಿ, ಮಷಿನ್ ಯಾರು ಹಿಡಿಯುತ್ತಾರೆ ಎಂದಾಗ ನನಗೆ ಸಿಟ್ಟು ಬಂದಿತ್ತು. ಆದರೆ ನನ್ನ ತಲೆಯೊಳಗೂ ಹಿಡಿದವರು ಮಾಮಾನೇ. ಅವ್ವ, ಅವರು ಸೀಳಿದ ಕಟ್ಟಿಗೆಯನ್ನು ಎತ್ತಿಕೊಳ್ಳಲು ಪಕ್ಕದಲ್ಲಿ ನಿಂತವಳು ಮಾತ್ರ. ಕಾಕಾನಿಗೂ ನನಗೂ ಇದ್ದ ಅಂತರ ಒಂದು ಪದವಿಯದು.

"ಈಗ ಕೇಳ್ತೀನಿ," ಎಂದೆ.

"ಈಗ ಕೇಳಬ್ಯಾಡ. ಮಷಿನ್ ಇಲ್ಲೇ ಅದ. ಅಂವಗ ಮೂರು ವಾರ ಕೈ ಇಲ್ಲ. ಗ್ವಾಡಿಗಿ ಒತ್ತಿಟ್ಟ ಆ ಎರಡು ಫರಸಿ ಅದಾವಲ, ಅವನ್ನ ಹಿತ್ತಲದಾಗ ನೆಡಬೇಕು."

ಮನೆಯ ಹಿಂದಿನ ಗೋಡೆಗೆ, ಅಂಚು ಒಡೆದು ಮಾರಾಟಕ್ಕೆ ಬಾರದ ಫರಸಿಗಳು ಯಾವಾಗಲೂ ಒಂದಷ್ಟು ಇರುತ್ತವೆ. ಅವ್ವ ತೋರಿಸಿದ ಎರಡನ್ನು ಚಿಗವ್ವ ಮತ್ತು ನಾನು ಹಿತ್ತಲಿಗೆ ಎಳೆದು ತಂದೆವು. ಹಾರೆಯಿಂದ ಒಂದು ಮೊಳ ಆಳದ ಎರಡು ಕುಳಿ ತೋಡಿದೆವು. ಒಂದರ ಎದುರು ಒಂದು, ನಡುವೆ ಒಂದು ಕೊರಡು ಉದ್ದಕ್ಕೆ ಮಲಗುವಷ್ಟೇ ಸಂದು ಬಿಟ್ಟು ನೆಟ್ಟೆವು. ಅವ್ವ ಒಂದೊಂದನ್ನೂ ಎಡಗೈಯಿಂದ ಅಲುಗಿಸಿ ನೋಡಿ, ಬುಡಕ್ಕೆ ಚೂರುಗಲ್ಲು ತುರುಕಿಸಿದಳು. ಮಾಮಾನಿಗೆ ಪೆಟ್ಟಾಗುವುದನ್ನು ನಾವೆಲ್ಲ ನೋಡಿದ್ದೆವು. ಕೊರಡು ಯಾವ ಕಡೆ ತಿರುಗಿತು ಎಂಬುದನ್ನು ಅವಳೊಬ್ಬಳೇ ನೋಡಿದ್ದಳು.

"ಅದಕ್ಕ ತಿರುಗಬೇಕಂತ ಆಸಿ ಅದ," ಎಂದಳು. "ತಿರುಗಲಿಕ್ಕಿ ಜಾಗ ಕೊಡದಿದ್ರ ಸೀಳ್ತದ. ಇಲ್ಲಾಂದ್ರ ಎಲ್ಲಿ ಹೋಗ್ತದ?"

ನಾನು ಇದನ್ನೇ ತರಗತಿಯಲ್ಲಿ ಎರಡು ಬಾಣ ಬರೆದು ಹೇಳುತ್ತೇನೆ.

ಮಷಿನ್ನಿನ ಗುಂಡಿಯ ಮೇಲಿನ ಕಪ್ಪು ಟೇಪನ್ನು ನಾನು ಚಾಕುವಿನಿಂದ ಕೆರೆದು ತೆಗೆದೆ. ಒಳಗೆ ಕಲ್ಲಿನ ಹುಡಿ ಕೂತು ಗಟ್ಟಿಯಾಗಿತ್ತು. ಎಣ್ಣೆ ಹಾಕಿ ತಿರುಗಿಸಿದೆ. ಬರಿ ತಿರುಗುವ ಕಡೆಗೆ. ಅವ್ವ ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ಹಾಕಿಕೊಂಡು ಸೆರಗನ್ನು ಅದರೊಳಗೆ ಸೇರಿಸಿದಳು. ಪ್ರಯೋಗಾಲಯದ ನನ್ನ ಕನ್ನಡಕ ಹಾಕಿಸಿದೆ. ಚಿಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏ, ಡಾಕ್ಟರಮ್ಮ ಬಂದ್ರು, ಜರಾ ಸರೀರಿ," ಎಂದಳು. ಅವ್ವ ಬಗ್ಗಿ ಒಂದು ಜಾಲಿಯ ಕೊರಡನ್ನು ಆರಿಸಿದಳು. ಹೊರಳಿಸಿ, ಗಂಟನ್ನು ಕೆಳಗೆ ಮಾಡಿ, ಎರಡು ಫರಸಿಗಳ ನಡುವೆ ಮಲಗಿಸಿದಳು. ಬಿಸಿಲಿಗೆ ಬಿರಿದ ಗೆರೆಯೊಂದು ಮೇಲಿತ್ತು. ಅದರ ಮೇಲೆ ಬುಗರಿಯ ಮೊನೆ ಇಟ್ಟು, ಮಷಿನ್ನಿನ ಪಕ್ಕದ ಹಿಡಿಕೆಯನ್ನು ಕಲ್ಲಿಗೆ ಆನಿಸಿದಳು. ಮಷಿನ್ ತಿರುಚಿದರೂ ಕಲ್ಲು ತಡೆಯುತ್ತದೆ, ಮಣಿಕಟ್ಟಿಗೆ ಬರುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಗುಂಡಿ ಒತ್ತಿದಳು. ಬುಗರಿ ನಿಧಾನ ಇಳಿಯಿತು. ಕೊರಡು ಒಮ್ಮೆ ಹೊರಳಲು ನೋಡಿತು, ಕಲ್ಲಿಗೆ ತಾಗಿ ನಿಂತಿತು. ಬಿರುಕು ಅಗಲವಾಗುತ್ತ ತುದಿಯಿಂದ ತುದಿಗೆ ಓಡಿತು. ಶಬ್ದ ಮಾತ್ರ ದೊಡ್ಡದಾಗಿತ್ತು. ಅವಳ ಮೊಣಕೈ ಸೊಂಟದ ಬಳಿಯೇ ಇತ್ತು.

ಎರಡನೆಯದರಲ್ಲಿ ಬುಗರಿ ಸಿಕ್ಕಿಕೊಂಡಿತು. ಉಲ್ಟಾ ತಿರುಗಿಸುವ ಗುಂಡಿ ತೋರಿಸಿದೆ. ಹಿಂದೆ ಬಂತು. ಆ ಕೊರಡನ್ನು ಅವ್ವ ಪಕ್ಕಕ್ಕಿಟ್ಟು, "ಇದು ಬಿಸಿಲು ಕುಡೀಲಿ, ಎರಡು ವಾರ ತಡೀಬೇಕು," ಎಂದಳು. ಮೂರನೆಯದು ಸೀಳಿತು. ನಾಲ್ಕನೆಯದು ಸೀಳಿತು. ಆಮೇಲೆ ಒಲೆಯ ಹೊತ್ತಾಯಿತು ಎಂದು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು, ದಿನವೂ ಮಾಡುವ ಕೆಲಸ ಮಾಡಿದವಳ ಹಾಗೆ.

ಆ ಮೂರು ವಾರದಲ್ಲಿ ಗೋಡೆಗೆ ಒತ್ತಿದ್ದ ಗಂಟಿನ ಕೊರಡುಗಳು ಮುಗಿಯುತ್ತ ಬಂದವು. ಭುಜ ಪೂರ್ತಿ ಸರಿಯಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಜಡೆ ನಾನೇ ಹಾಕಬೇಕು. ಆದರೆ ನೋವು ಹೆಚ್ಚಲಿಲ್ಲ, ಬುಟ್ಟಿಗಳು ಒಂದು ದಿನವೂ ತಪ್ಪಲಿಲ್ಲ. ಕೊಡಲಿ ಮೂಲೆಯಲ್ಲಿದೆ.

ನಾಲ್ಕನೆಯ ರವಿವಾರ ಬೆಳಿಗ್ಗೆ ಮಾಮಾ ಮಷಿನ್ ಒಯ್ಯಲು ಬಂದರು. ಹಿತ್ತಲಿನ ಶಬ್ದ ಕೇಳಿ ನೇರ ಅಲ್ಲಿಗೇ ಬಂದರು. ಕಾಕಾ ಅವರ ಹಿಂದೆಯೇ. ಅವ್ವ ತಲೆ ಎತ್ತಲಿಲ್ಲ. ಎದುರಿನ ಕೊರಡು ಬಿರಿಯುವತನಕ ಇಬ್ಬರೂ ನಿಂತು ನೋಡಿದರು. ಮಾಮಾ ನೆಟ್ಟ ಫರಸಿಗಳ ಬಳಿ ಹೋಗಿ, ಕಾಲಿನಿಂದ ಒಂದನ್ನು ಒತ್ತಿ ನೋಡಿದರು. ಅದು ಅಲುಗಲಿಲ್ಲ.

"ನೋಡಿದ್ರಿಲ್ಲೋ ಕಾಕಾ," ಎಂದರು ಮಾಮಾ. "ಅವತ್ತು ನಾ ಹಿಡಿದಿದ್ದು ನೋಡಿ ನೋಡಿ ಅಕ್ಕ ಕಲ್ತಳು. ಒಮ್ಮಿ ತೋರಿಸಿ ಕೊಟ್ರ ಸಾಕು, ಹೆಣ್ಮಕ್ಕಳೂ ಮಾಡ್ತಾರ."

ಕಾಕಾ ಹೌದು ಹೌದು ಅಂದರು. ಅವ್ವ ಸೀಳಿದ ತುಂಡುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು. ಅವಳು ಏನೂ ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ತಮ್ಮನ ಮಾತನ್ನು ಹೊರಗಿನವರ ಮುಂದೆ ಕತ್ತರಿಸುವವಳಲ್ಲ. ಮಾಮಾನಿಗೂ ಅದು ಗೊತ್ತು. ಗೊತ್ತಿದ್ದೇ ಹೇಳಿದರು. ನಾನೂ ಸಾಮಾನ್ಯವಾಗಿ ಸುಮ್ಮನಿದ್ದು, ಮರುದಿನ ಗಾಡಿಯಲ್ಲಿ ಉತ್ತರ ಜೋಡಿಸಿಕೊಳ್ಳುವವಳು.

"ಇಲ್ಲ ಮಾಮಾ," ಎಂದೆ. "ನೀವು ಕಲಿಸಿಲ್ಲ. ಅವ್ವ ಅವತ್ತ ನಿಮಗ ಹೇಳಿದ್ಳು, ನೀವು ಕೇಳಲಿಲ್ಲ. ಗುಂಡಿ ತಿರುಗಿಸ್ರಿ ಅಂತ ನಾನೂ ಹೇಳಿದ್ದೆ."

ಕಾಕಾ ಗೋಡೆಯ ಕಡೆ ನೋಡಿದರು. ಮಾಮಾ ಮಷಿನ್ನಿನ ಪಕ್ಕವನ್ನು ನೋಡಿದರು, ಟೇಪ್ ಇಲ್ಲದ ಗುಂಡಿಯನ್ನು.

"ಟೇಪ್ ಯಾರು ತಗದ್ರು?"

"ನಾನು."

"ಕಲ್ಲಿಗಿ ಹಚ್ಚೂಮುಂದ ಮತ್ತ ತಿರುಗಿಸಬೇಕಾಗ್ತದಲ," ಎಂದರು. ಅದು ಸಿಟ್ಟೋ ಒಪ್ಪಿಗೆಯೋ ನನಗೆ ತಿಳಿಯಲಿಲ್ಲ. ಕೈ ಮುಂದೆ ಚಾಚಿದರು. "ಕೊಡಕ್ಕ. ಖಣಿಗಿ ಹೋಗಬೇಕು."

"ನಿಂದ್ರು," ಎಂದಳು ಅವ್ವ. "ಇನ್ನ ಮೂರು ಅದಾವ."

ಮಾಮಾ ನಿಂತರು. ಆಮೇಲೆ ಹಿತ್ತಲಿನ ಕಟ್ಟೆಯ ಮೇಲೆ ಕೂತರು. ಅವ್ವ ಮೂರನ್ನೂ ಸೀಳಿದಳು, ಅವಸರ ಮಾಡದೆ. ಕೊನೆಗೆ ಬುಗರಿಯನ್ನು ಬಿಚ್ಚಿ, ಹಲ್ಲುಗಳ ನಡುವಿನ ಕಟ್ಟಿಗೆಯ ನಾರನ್ನು ಕಡ್ಡಿಯಿಂದ ಕೆರೆದು, ಎಣ್ಣೆಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಕೆಳಗಿನ ಗೂಡಿನಲ್ಲಿ, ಅವಳ ಕೈ ನೋಯದೆ ತಲುಪುವ ಗೂಡಿನಲ್ಲಿ, ಇಟ್ಟು ಬಂದಳು. ಬರಿಯ ಮಷಿನ್ನನ್ನು ತಮ್ಮನ ಮುಂದೆ ಇಟ್ಟಳು.

"ಮಷಿನ್ ನಿಂದು, ತಗೊಂಡ್ ಹೋಗು. ಐತಾರ ಮುಂಜಾನಿ ತಂದು ಕೊಡು. ನೀ ಬರಬೇಕಂತಿಲ್ಲ, ಯಾರ ಕೈಯಾಗರ ಕಳಿಸು."

ಕಳಿಸುತ್ತಾರೆ, ತಪ್ಪದೆ. ಅಷ್ಟು ಮಾತಿಗೆ ಅವರು ನಿಲ್ಲುತ್ತಾರೆ. ಆದ್ದರಿಂದ ಒಲೆ ಹತ್ತುತ್ತದೆ. ಆದರೆ ಅಕ್ಕನಿಗೆ ಮಷಿನ್ ಹಿಡಿಯಲು ತಾವೇ ಕಲಿಸಿದ್ದು ಎಂದು ಖಣಿಯಲ್ಲಿ ಹೇಳಿಕೊಂಡಿದ್ದಾರೆ. ಮೊನ್ನೆ ಶಹಾಬಾದಿನ ಸ್ಟೇಷನ್ನಿನಲ್ಲಿ ಗುರುತಿನವರೊಬ್ಬರು, ನಿಮ್ಮ ಮಾಮಾ ಭಾಳ ತಿಳಿದಾಂವ ಬಿಡ್ರಿ ಎಂದು ನನಗೆ ಹೇಳಿದರು. ಗಾಡಿ ಬರಲು ಇನ್ನೂ ಹೊತ್ತಿತ್ತು. ನಾನು ನಡೆದದ್ದನ್ನು ಅವರಿಗೆ ಮೊದಲಿನಿಂದ ಹೇಳಿದೆ.